ಗಾಯ ಸಣ್ಣದು

ನಮ್ಮ ಯಜಮಾನರ ಎದೆಗೂಡು ಸೀಳುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದಾಗ ನಾನು ಅಲ್ಲೇ ಕಣ್ಣುಮುಚ್ಚಿ ದೇವರಿಗೆ ಕೈಮುಗಿದೆ. ಹೃದಯದ ಒಂದು ವಾಲ್ವ್ ಕಲ್ಲಿನಂತೆ ಗಟ್ಟಿಯಾಗಿತ್ತು, ರಕ್ತನಾಳವೂ ಕಟ್ಟಿತ್ತು. ಮೊದಲು ಎಡಪಕ್ಕೆಯಲ್ಲಿ ಸಣ್ಣದಾಗಿ ಕೊಯ್ದು ಬೈಪಾಸ್, ಸ್ವಲ್ಪ ಚೇತರಿಸಿಕೊಂಡ ಮೇಲೆ ತೊಡೆಯ ನಾಳದಿಂದ ಹೊಸ ವಾಲ್ವ್. ಎಲ್ಲವನ್ನೂ ಬಿಡಿಸಿ ಹೇಳಿದ್ದರು. ನನ್ನ ಕಿವಿಯಲ್ಲಿ ಉಳಿದದ್ದು ‘ಸಣ್ಣದು’ ಎಂಬ ಮಾತೊಂದೇ.

ಶನಿವಾರಸಂತೆಯಲ್ಲಿರುವ ಯಜಮಾನರ ಅಕ್ಕನಿಗೆ ಫೋನ್ ಮಾಡಿದೆ.

“ಸಣ್ಣ ಆಪರೇಷನ್ ಅಂತೆ ಅತ್ತಿಗೆ. ನೀವು ಓಡಿ ಬರೋದೇನೂ ಬೇಡ.”

“ಹಂಗಾರೆ ಮೆಣಸು ಕುಯ್ಸಿ ಬತ್ತೀನಿ ಕಣೇ, ಈಗ ಬಿಟ್ರೆ ಆಳು ಸಿಗಲ್ಲ. ಅವನಿಗೇಳು, ಇದೇ ನೆಪ ಅಂತ ಮಲಗಿಬಿಡಬ್ಯಾಡ ಅಂತ.”

ಹೇಳಿದೆ. “ಹೊಟ್ಟೆನೋವು ಅಂತ ಸ್ಕೂಲು ತಪ್ಪಿಸಿದ್ದನ್ನ ಇನ್ನೂ ಮರ್ತಿಲ್ಲ ಅವಳು,” ಎಂದು ನಕ್ಕರು.

ಬೈಪಾಸ್ ಆಯಿತು. ಕಣ್ಣು ಬಿಟ್ಟರು, ನನ್ನ ಗುರುತು ಹಿಡಿದರು. ದೇವರ ದಯೆ ಎಂದುಕೊಂಡೆ. ಆಮೇಲೆ ಮೂತ್ರ ಕಡಿಮೆಯಾಯಿತು, ಮೈ ಊದಿತು. ವಾಲ್ವ್ ಹಾಕುವುದನ್ನು ಮುಂದಕ್ಕೆ ಹಾಕಿದರು.

“ಸಣ್ಣದು ಅಂದಿದ್ರಲ್ಲ ಸಾರ್?”

“ಗಾಯ ಸಣ್ಣದು ಅಂದೆ ಅಮ್ಮ. ಅವರ ಕಿಡ್ನಿ, ಶ್ವಾಸಕೋಶ ಎರಡೂ ಸೋತಿವೆ. ದೊಡ್ಡದನ್ನ ತಡ್ಕೊಳ್ಳಲ್ಲ ಅಂತಲೇ ಈ ದಾರಿ ಹಿಡಿದದ್ದು.”

ನಾನು ದಯೆ ಎಂದು ಕೈಮುಗಿದದ್ದು ಅವರ ನಿತ್ರಾಣಕ್ಕೆ. ಅತ್ತಿಗೆಗೆ ಮತ್ತೆ ಫೋನ್ ಮಾಡಿ, ಬನ್ನಿ ಎಂದೆ. ಅವರು ಕೇಳಿದರು:

“ತೀರ್ಥ ತರ್ಲಾ?”

ತಲಕಾವೇರಿಯ ತೀರ್ಥವನ್ನು ನಮ್ಮ ಕಡೆ ಸೀಸೆಯಲ್ಲಿ ತುಂಬಿ ದೇವರ ಮುಂದೆ ಇಟ್ಟಿರುತ್ತೇವೆ, ಹೋಗುವ ಜೀವದ ಬಾಯಿಗೆ ಬಿಡಲು. ಹುಷಾರಾಗಿ ಬನ್ನಿ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಅತ್ತಿಗೆ ತಂದೇ ತಂದರು. ಸೀಸೆ ಕಂಡ ನರ್ಸು ತಡೆದಳು: “ಬಾಯಿಗೆ ಒಂದು ತೊಟ್ಟೂ ಹಾಕೋ ಹಾಗಿಲ್ಲ, ಡಾಕ್ಟರ್ ಆರ್ಡರ್.” ಅತ್ತಿಗೆಗೆ ಸಿಟ್ಟು ಬಂತು. ನನಗೋ, ಅವಳ ಕಾಲಿಗೆ ಬೀಳಬೇಕೆನಿಸಿತು. ಬಾಯಿಗೆ ನೀರು ಬೇಡ ಎನ್ನುವವರೆಗೂ ಇವರನ್ನು ಉಳಿಸುವ ಆಸೆ ಡಾಕ್ಟರಿಗೆ ಇದೆಯಲ್ಲ.

ಮಾರನೆಯ ದಿನ ವಾಲ್ವ್ ಮಾತನ್ನು ಯಾರೂ ಎತ್ತಲಿಲ್ಲ. ಮಧ್ಯಾಹ್ನ ಅದೇ ನರ್ಸು ಹೊರಗೆ ಬಂದು ನನ್ನ ಪಕ್ಕ ಕುಳಿತಳು.

“ಆ ತೀರ್ಥ ಇದ್ರೆ ಕೊಡಿ ಅಮ್ಮ,” ಎಂದಳು. “ಈಗ ಪರವಾಗಿಲ್ಲ.”