ದೋಣಿಯ ಸರದಿ

ಅವರ ಬಲಗೈಯ ಎರಡು ಬೆರಳುಗಳಿಗೆ ತುದಿ ಇರಲಿಲ್ಲ; ಗಡಿಯ ಹಿಮ ತಿಂದಿತ್ತು. ಉಳಿದ ಬೆರಳುಗಳಲ್ಲೇ ರೊಟ್ಟಿ ಮುರಿಯುತ್ತಿದ್ದರು, ಮೀಸೆ ತೀಡುತ್ತಿದ್ದರು. ಹಾನಗಲ್ ತಾಲೂಕಿನ ವರದಾ ದಂಡೆಯ ನಮ್ಮ ಹಳ್ಳಿಗೆ ಪಿಂಚಣಿ ಪಡೆದು ಮರಳಿದ್ದ ಈ ಹವಾಲ್ದಾರರು ನನ್ನ ಗಂಡನ ಮನೆಯ ಪಕ್ಕದವರು. ಊರಿಗೆಲ್ಲ ಮಿಲಿಟರಿ ಕಾಕಾ. ಯುದ್ಧದ ಕತೆ ಕೇಳಿದರೆ ನಿರಾಶ್ರಿತರ ಶಿಬಿರದ ಮಾತೆತ್ತುತ್ತಿದ್ದರು. "ಬಂದೂಕು ಹಿಡದದ್ದಕ್ಕಿಂತ ಕಾಲರಾ ಆದ ಮಂದೀನ ಹೊತ್ತದ್ದ ಹೆಚ್ಚು."

ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ ವರದೆ ಊರೊಳಗೆ ನುಗ್ಗಿದಳು. ನಾನು ಎಂಟು ತಿಂಗಳ ಬಸುರಿ. ಎತ್ತರದಲ್ಲಿದ್ದ ಹಳೆಯ ಚಾವಡಿಯಲ್ಲಿ ಇಡೀ ಓಣಿ ಒತ್ತೊತ್ತಾಗಿ ನಿಂತಿತ್ತು. ನೀರು ಒಂದೊಂದೇ ಮೆಟ್ಟಿಲು ನುಂಗುತ್ತಿತ್ತು. ಮಧ್ಯಾಹ್ನ ಸೈನ್ಯದ ದೋಣಿ ಬಂತು. ಒಂದೇ ದೋಣಿ, ಎಂಟು ಜನಕ್ಕಷ್ಟೇ ಜಾಗ. ಸೈನಿಕರು ಹಿಂದಿಯಲ್ಲಿ ಕೂಗಿ ಕೈ ಚಾಚಿದಾಗ ಹೆಂಗಸರು ಹೆದರಿ ಹಿಂದೆ ಸರಿದರು. ಗಂಡಸರು ಟ್ರಂಕು ಹೊತ್ತು ನುಗ್ಗಿದರು. ದೋಣಿ ವಾಲಿತು.

ಕಾಕಾ ಎದೆಮಟ್ಟದ ನೀರಿಗಿಳಿದು ಹಗ್ಗ ಹಿಡಿದರು. "ಹಿಂದ ಸರೀರಿ! ಟ್ರಂಕು ಒಗೀರಿ! ಬಸುರಿ, ಬಾಣಂತಿ, ಮುದುಕರು ಮೊದಲ!"

ನನ್ನತ್ತ ತಿರುಗಿದರು. "ಹೆದರಬ್ಯಾಡ ಯವ್ವಾ, ಇವರೂ ನನ್ನಂಥವರ. ಕೈ ಕೊಡು."

ನಾನು ಕೂತ ಮೇಲೆ ಇನ್ನೊಬ್ಬರಿಗೆ ಜಾಗವಿತ್ತು. ಜ್ವರದಲ್ಲಿ ನಡುಗುತ್ತಿದ್ದ ಅವರ ಹೆಂಡತಿ, ನಮ್ಮ ಚಿಗವ್ವ, ಹೆಜ್ಜೆ ಮುಂದಿಟ್ಟಳು. ಕಾಕಾ ಎಂಬತ್ತು ದಾಟಿದ ಒಬ್ಬ ಮುದುಕಿಯನ್ನು ಎತ್ತಿ ಕೂರಿಸಿದರು. "ಬ್ಯಾಡ, ನೀ ಮುಂದಿನ ಸರದಿಗೆ" ಎಂದು ನೀರನ್ನೇ ನೋಡುತ್ತ ಹೆಂಡತಿಗೆ ಹೇಳಿದರು.

ಮುಂದಿನ ಸರದಿ ಬರುವಷ್ಟರಲ್ಲಿ ಚಾವಡಿಯ ಗೋಡೆ ಕುಸಿಯಿತು. ಕಾಕಾ ಮತ್ತು ಅಲ್ಲೇ ಉಳಿದಿದ್ದ ಇಬ್ಬರು ಸೈನಿಕರು ಬರಿಗೈಯಲ್ಲಿ ಕಲ್ಲು ಸರಿಸಿ ಚಿಗವ್ವನನ್ನು ಹೊರಗೆಳೆದರು. ಜೀವ ಉಳಿಯಿತು. ಎಡಗಾಲನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು.

ಮೂರು ವಾರಕ್ಕೆ ನನಗೆ ಮಗಳು ಹುಟ್ಟಿದಳು. ಕಾಕಾ ಮತ್ತೆಂದೂ ಆ ದಿನದ ಮಾತೆತ್ತಲಿಲ್ಲ. ನೀರು ತರುವುದು, ರೊಟ್ಟಿ ಬಡಿಯುವುದು, ಹೆಂಡತಿಯ ಸೀರೆ ಒಗೆಯುವುದು, ಎಲ್ಲ ತಾವೇ ಮಾಡುತ್ತಿದ್ದರು. ಓಣಿಯ ಗಂಡಸರು ನಕ್ಕರೂ ತಲೆ ಎತ್ತುತ್ತಿರಲಿಲ್ಲ. ಐದಾರು ವರ್ಷದ ಮೇಲೆ ಎದೆನೋವು ಬಂದು ತೀರಿಕೊಂಡರು.

ಮಣ್ಣು ಮಾಡಿದ ಮರುದಿನ ಚಿಗವ್ವನ ಬಳಿ ಕೂತೆ. ಇಷ್ಟು ವರ್ಷ ಹೇಳದ್ದನ್ನು ಹೇಳಿದೆ. "ದೋಣ್ಯಾಗ ನಾ ಎದ್ದು ನಿನಗ ಜಾಗ ಬಿಡಬೇಕಿತ್ತು, ಚಿಗವ್ವಾ."

ಅವಳು ನನ್ನ ತಲೆ ನೇವರಿಸಿದಳು. "ನಿನ್ನ ಹತ್ತಿಸಿದ್ದು ತಪ್ಪಲ್ಲ, ಬಿಡು. ಆದ್ರ ಬ್ಯಾಡ ಅನ್ನೋ ಮುಂದ ಒಮ್ಮೆ ನನ್ನ ಮಾರಿ ನೋಡಬೇಕಿತ್ತು."