ಹೆಜ್ಜೆಯಲ್ಲಿ ಅಳೆದ ಗಾಳಿ

1944ರ ಫೆಬ್ರವರಿಯ ಕೊನೆಯ ಭಾನುವಾರ ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿವರೆಗೆ ಸೈಕಲ್ ಪಂದ್ಯ ನಡೆಯಿತು. ಶಿವನಸಮುದ್ರದ ಲೈನ್‌ಮನ್ ಒಬ್ಬ ಅದರಲ್ಲಿ ಐದನೆಯವನಾಗಿ ಬಂದ. ನಾನು ಆಗ ಒಂದು ವಾರಪತ್ರಿಕೆಗೆ ಮದ್ದೂರಿನಿಂದ ಸುದ್ದಿ ಬರೆಯುತ್ತಿದ್ದೆ. ಮೊದಲ ಮೂವರ ವಿವರ ಕಳಿಸಿದೆ. ಐದನೆಯವನ ವಿಷಯ ಯಾರೂ ಕೇಳಲಿಲ್ಲ.

ಹಿಂದಿನ ಎರಡು ವರ್ಷವೂ ಅವನು ಎರಡನೆಯವನಾಗಿದ್ದ. ಎರಡು ಸಲವೂ ಸೋತದ್ದು ಮದ್ದೂರು ದಾಟಿದ ಮೇಲೆ, ಬಯಲಿನ ಎದುರುಗಾಳಿಯಲ್ಲಿ. ಮೂವತ್ತು ದಾಟಿದವರನ್ನು ಮುಂದಿನ ವರ್ಷದಿಂದ ಸೇರಿಸುವುದಿಲ್ಲ ಎಂದು ಪಂದ್ಯ ನಡೆಸುವವರು ಹೇಳಿದ್ದರು. ಅವನಿಗೆ ಆಗಲೇ ಮೂವತ್ತು ತುಂಬಿತ್ತು. ಗೆಲ್ಲುವುದಿದ್ದರೆ ಆ ಫೆಬ್ರವರಿಯಲ್ಲೇ ಗೆಲ್ಲಬೇಕಿತ್ತು.

ಅವನ ಸೈಕಲ್ ನೋಡಿಕೊಳ್ಳುತ್ತಿದ್ದವರು ಮದ್ದೂರು ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಸಾಬರು. ಐವತ್ತೈದರ ಆಸುಪಾಸಿನವರು. ಡಿಸೆಂಬರಿನಲ್ಲಿ ಒಂದು ದಿನ ಅಂಗಡಿಯ ಮುಂದೆ ಅವನನ್ನು ಸೀಟಿನ ಮೇಲೆ ಕೂರಿಸಿ, ಸುತ್ತ ಬಂದು ನೋಡಿದರು.

"ನಿನ್ನ ತಡೀತಿರೋದು ಕಾಲಲ್ಲ ಕಣ್ಲಾ, ಎದೆ. ಬಾಗ್ಲು ತೆಗ್ದಂಗೆ ಅಗಲ ಮಾಡ್ಕಂಡು ಓಯ್ತೀಯ. ಗಾಳಿ ಬುಡ್ತದಾ?"

"ಎದೆ ಬಿಚ್ಚಿ ಮನೇಲಿಟ್ಬುಟ್ಟು ಬರ್ಲಾ ಸಾಬ್ರೇ?"

"ಬಗ್ಸಲಾ ಅದ್ನ, ಸಾಕು."

ಬಗ್ಗಿದರೆ ಗಾಳಿಯ ತಡೆ ಎಷ್ಟು ಕಡಿಮೆಯಾಗುತ್ತದೆ ಎಂದು ಅಳೆಯುವ ಉಪಾಯವೂ ಸಾಬರದೇ. ಮಳವಳ್ಳಿ ರಸ್ತೆಯಲ್ಲಿ ಒಂದು ಇಳಿಜಾರಿದೆ. ನೆತ್ತಿಯಲ್ಲಿ ಹುಣಸೆಮರ, ಕೆಳಗೆ ಮೋರಿ, ಆಮೇಲೆ ಸಮನಾದ ರಸ್ತೆ. ಹುಣಸೆಮರದಿಂದ ಅವನು ಪೆಡಲ್ ತುಳಿಯದೆ ಉರುಳಿಕೊಂಡು ಬರಬೇಕು. ಸೈಕಲ್ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಸುಣ್ಣದ ಗೆರೆ. ಸಾಬರು ಬೀಡಿ ಹಚ್ಚಿ ಹೊಗೆ ನೆಟ್ಟಗೆ ಮೇಲೆ ಹೋದರೆ ಮಾತ್ರ "ಬುಡು" ಎನ್ನುತ್ತಿದ್ದರು. ಹೊಗೆ ಬಾಗಿದರೆ ಕಾಯಬೇಕು.

ದೂರ ಅಳೆಯಲು ಟೇಪಿರಲಿಲ್ಲ. ಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಮದುವೆ ಚಪ್ಪರಕ್ಕೆ ಜಾಗ ಗುರುತು ಮಾಡಲು ಪೇಟೆಯವರೆಲ್ಲ ಕರೆಯುತ್ತಿದ್ದದ್ದು ಸಾಬರನ್ನೇ. ಅವರ ಹೆಜ್ಜೆ ತಪ್ಪಿದ್ದನ್ನು ಕಂಡವರಿರಲಿಲ್ಲ. ಅವರು ಎಣಿಸಿದರು, ನಾನು ಬರೆದುಕೊಂಡೆ. ಮೊದಲ ದಿನ ಹುಣಸೆಮರದಿಂದ ಮೋರಿಗೆ ಮುನ್ನೂರು. ನೆಟ್ಟಗೆ ಕೂತು ಉರುಳಿದಾಗ ಒಟ್ಟು ಐನೂರ ಇಪ್ಪತ್ತು. ಹ್ಯಾಂಡಲ್ ತಿರುವಿ ಹಾಕಿ, ಬಗ್ಗಿ ಉರುಳಿದಾಗ ಐನೂರ ನಲವತ್ತೆಂಟು. ಲೈನ್‌ಮನ್ ರಸ್ತೆಯಲ್ಲೇ ಕುಣಿದ.

ಮುಂದಿನ ಭಾನುವಾರಗಳಲ್ಲಿ ನೆಟ್ಟಗೆ ಕೂತು ಮತ್ತೆ ಉರುಳಿಸಲಿಲ್ಲ. "ಅದು ಗೊತ್ತಾಯ್ತಲ್ಲ, ಯಾಕ್ ಸುಮ್ನೆ ಟೈರ್ ಸವೆಸೋದು," ಎಂದರು ಸಾಬರು. ಯುದ್ಧದ ಕಾಲ. ಟೈರ್ ಸಿಗುವುದೇ ಕಷ್ಟವಾಗಿತ್ತು. ಪಂದ್ಯಕ್ಕೆಂದು ಅವನ ಬಳಿ ಇದ್ದದ್ದು ಒಂದೇ ಜೊತೆ. ಹಾಗಾಗಿ ವಾರಕ್ಕೊಂದು ಬೆರಳಿನಷ್ಟು ಹ್ಯಾಂಡಲ್ ತಗ್ಗಿಸಿ, ಬಗ್ಗಿಸಿ, ಎರಡೇ ಸಲ ಬಿಡುತ್ತಿದ್ದೆವು. ಪ್ರತಿ ವಾರ ಹೆಜ್ಜೆಗಳು ಹೆಚ್ಚಾದವು. ಫೆಬ್ರವರಿಯ ಎರಡನೇ ಭಾನುವಾರ ಆರುನೂರ ಹದಿನೈದು ಬಂತು.

ಅಷ್ಟು ಹೊತ್ತಿಗೆ ಅವನಿಗೆ ಕಷ್ಟವಾಗತೊಡಗಿತ್ತು.

"ಉಸ್ರು ಎಳ್ಯಕಾಗ್ತಿಲ್ಲ ಸಾಬ್ರೇ. ಮಂಡಿ ಬಂದು ಒಟ್ಟೇಗೆ ಒಡೀತದೆ."

"ಬುಕ್ಕು ಏನ್ ಯೋಳ್ತದೆ ಕೇಳು."

ನಾನು ಓದಿದೆ. ಐನೂರ ಇಪ್ಪತ್ತು, ಆರುನೂರ ಹದಿನೈದು. ಅವನು ಮತ್ತೆ ಬಗ್ಗಿದ. ಆ ಸಂಜೆ ಸಾಬರು ಹ್ಯಾಂಡಲ್ ಕೂರುವ ಕೊಳವೆಯನ್ನೇ ಕೊಯ್ದು ಮೋಟು ಮಾಡಿ ಬೆಸುಗೆ ಹಾಕಿದರು. ಅದನ್ನು ಮತ್ತೆ ಏರಿಸಲು ಬರುತ್ತಿರಲಿಲ್ಲ.

ಪಂದ್ಯಕ್ಕೆ ಒಂದು ವಾರವಿದ್ದಾಗ ಲೈನ್‌ಮನ್‌ಗೆ ಡ್ಯೂಟಿ ಬಿತ್ತು. ರಸ್ತೆಯಲ್ಲಿ ಹೊಸ ಗುಂಡಿ ಬಿದ್ದಿದೆಯೇ ನೋಡಲು ಸಾಬರೂ ನಾನೂ ಇಬ್ಬರೇ ಹೋದೆವು. ಮಾತಾಡುತ್ತಾ ಹುಣಸೆಮರದಿಂದ ಇಳಿಯುವಾಗ ಅವರು ಅಭ್ಯಾಸದಂತೆ ಎಣಿಸುತ್ತಿದ್ದರು. ಮೋರಿಯ ಹತ್ತಿರ ನಿಂತು "ಮುನ್ನೂರ ನಲವತ್ತೈದು" ಎಂದರು. ಮೊದಲ ದಿನ ಅದು ಮುನ್ನೂರು ಇತ್ತು ಎಂದು ನಾನು ಹೇಳಿದೆ. ಸಾಬರು ಹತ್ತಿಹೋಗಿ ಮತ್ತೆ ಎಣಿಸಿಕೊಂಡು ಬಂದರು. ಅಷ್ಟೇ ಬಂತು.

"ಮೋರಿ ಎದ್ದು ದೂರ ಓಯ್ತಾ ಸ್ವಾಮಿ?"

ಮೋರಿಯ ಕಟ್ಟೆಯ ಮೇಲೆ ಕೂತು ಎಡಗಾಲಿನ ಬೂಟು ಬಿಚ್ಚಿದರು. ಒಳಗಿಂದ ಸೈಕಲ್ಲಿನ ಒಂದು ಸಣ್ಣ ನಟ್ಟು ಬಿತ್ತು. ಅಂಗಾಲಿನಲ್ಲಿ ಅದೇ ಅಳತೆಯ ಹುಣ್ಣು. ಬೆಳಗಿನಿಂದ ಅದರ ಮೇಲೆ ನಡೆದಿದ್ದರೂ ಅವರಿಗೆ ತಿಳಿದಿರಲಿಲ್ಲ. ಚಳಿಗಾಲದ ಮೊದಲಿನಿಂದಲೇ ಪಾದ ಜೋಮು ಹಿಡಿದಿತ್ತು ಎಂದರು. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಆಮೇಲೆ ಹೇಳಿದರು.

ಅವರ ಹೆಜ್ಜೆ ವಾರವಾರಕ್ಕೂ ಗಿಡ್ಡವಾಗುತ್ತಾ ಬಂದಿತ್ತು. ನಾನು ಅಲ್ಲೇ ಲೆಕ್ಕ ಹಾಕಿದೆ. ಕೊನೆಯ ಆರುನೂರ ಹದಿನೈದು ಮೊದಲ ದಿನದ ಹೆಜ್ಜೆಯಲ್ಲಿ ಐನೂರ ಮೂವತ್ತೈದೇ ಆಗುತ್ತಿತ್ತು. ಮೊದಲ ದಿನ ಬಗ್ಗಿದಾಗ ಬಂದದ್ದು ಅದಕ್ಕಿಂತ ಹೆಚ್ಚು. ಮೊದಲ ಸಲ ಹ್ಯಾಂಡಲ್ ತಗ್ಗಿಸಿದ್ದರಿಂದ ಲಾಭವಾಗಿತ್ತು. ಆಮೇಲಿನದರಿಂದ ಏನೂ ಆಗಿರಲಿಲ್ಲ. ಅವನ ಉಸಿರು ಮಾತ್ರ ಕಟ್ಟಿತ್ತು.

"ಹೇಳೋಣವೇ ಅವನಿಗೆ?" ಎಂದೆ.

"ಯೋಳಿ ಏನ್ ಮಾಡಾನ? ಕೊಳವೆ ಕೊಯ್ದಾಯ್ತು. ಬೇರೆ ಕೊಳವೆ ಈಗ ಎಲ್ ಸಿಕ್ತದೆ? ಗೆಲ್ತೀನಿ ಅನ್ನೋ ನಂಬ್ಕೆ ಒಂದದೆ ಅವನತ್ರ. ಅದ್ನೂ ಕಿತ್ಕಬೇಕಾ?"

ನಾನು ಒಪ್ಪಿಕೊಂಡೆ.

ಪಂದ್ಯದ ದಿನ ಸವಾರರ ಹಿಂದೆ, ಪೆಟ್ರೋಲ್ ಬದಲು ಇದ್ದಿಲಿನಿಂದ ಓಡುವ ಬಸ್ಸೊಂದು ಬರುತ್ತಿತ್ತು. ನಾನೂ ಸಾಬರೂ ಅದರಲ್ಲಿದ್ದೆವು. ಮದ್ದೂರು ದಾಟುವಾಗ ಅವನು ಎರಡನೆಯವನಾಗಿದ್ದ. ಬಯಲಿಗೆ ಬಂದಾಗ ಗಾಳಿ ಎದುರಿಗೇ ಇತ್ತು. ಮುಂದಿದ್ದವನು ಸ್ವಲ್ಪ ಮೇಲೆದ್ದು ಉಸಿರಾಡಿ ಮತ್ತೆ ಬಗ್ಗುತ್ತಿದ್ದ. ಇವನಿಗೆ ಏಳಲು ಜಾಗವಿರಲಿಲ್ಲ. ಇಳಿಜಾರಿನ ಕೆಳಗೆ ಒಬ್ಬ ಇವನನ್ನು ಹಿಂದೆ ಹಾಕಿದ. ಮಳವಳ್ಳಿಗೆ ಮೊದಲು ಇನ್ನಿಬ್ಬರು. ಗುರಿ ಮುಟ್ಟಿದ ಮೇಲೆ ಇವನು ರಸ್ತೆ ಪಕ್ಕದಲ್ಲಿ ವಾಂತಿ ಮಾಡಿದ. ಸಾಬರು ನೀರು ಕೊಟ್ಟರು.

"ನಿಮ್ಮ ಅಳ್ತೆ ಸರಿಯಾಗೇ ಇತ್ತು ಸಾಬ್ರೇ," ಎಂದ ಅವನು. "ನನ್ ಕಾಲೇ ಸಾಲ್ದೋಯ್ತು."

ಸಾಬರು "ಹೂಂ ಕಣಪ್ಪ" ಎಂದರು.

ಆ ಮಳೆಗಾಲದಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಸಾಬರ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಲೈನ್‌ಮನ್ ರಜೆ ಹಾಕಿ ನಾಲ್ಕು ದಿನ ಪಕ್ಕದಲ್ಲಿದ್ದ. 1945ರಲ್ಲಿ ಅವರು ತೀರಿಕೊಂಡಾಗಲೂ ಶಿವನಸಮುದ್ರದಿಂದ ಬಂದ. ಅಲ್ಲಿ ಸೇರಿದ್ದವರಿಗೆ ಆ ಚಳಿಗಾಲದ ಅಳತೆಗಳನ್ನು ಬಾಯಲ್ಲೇ ಒಪ್ಪಿಸಿದ. ಒಂದು ಹೆಜ್ಜೆಯೂ ತಪ್ಪಿರಲಿಲ್ಲ, ತಾನೇ ಕೈಲಾಗದವನು ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ.

1947ರ ಜೂನಿನಲ್ಲಿ ಮಳವಳ್ಳಿ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಪಂದ್ಯದ ಸೈಕಲ್ ಮಾರಿದ್ದಾನೆ. ಅಳತೆಯ ವಿಷಯ ಅವನಿಗೆ ಇನ್ನೂ ಗೊತ್ತಿಲ್ಲ.