ದೊಡ್ಡವ್ವನ ತಿಪ್ಪೆ

ಕಳೆದ ವಾರ ಮಹಡಿಯ ಮೇಲಿನ ಕುಂಡಗಳಿಗೆಂದು ನರ್ಸರಿಯಿಂದ ಒಂದು ಚೀಲ ಕೊಟ್ಟಿಗೆ ಗೊಬ್ಬರ ತಂದೆ. ಚೀಲದ ಮೇಲೆ ನಗುವ ಹಸುವಿನ ಚಿತ್ರ, ಅದರ ಕೆಳಗೆ ‘ವಾಸನೆರಹಿತ’ ಎಂಬ ಭರವಸೆ. ಗೊಬ್ಬರಕ್ಕೆ ವಾಸನೆಯೇ ಇಲ್ಲವೆಂದರೆ ಅದಕ್ಕೆ ಏನು ಬೆರೆಸಿದ್ದಾರೋ ಎಂದು ಗೊಣಗಿಕೊಂಡೇ ಕತ್ತರಿ ಹಾಕಿದೆ. ಒಣಗಿದ್ದಾಗ ನಿಜಕ್ಕೂ ಏನೂ ಇರಲಿಲ್ಲ. ಒಂದು ಚೊಂಬು ನೀರು ಹಾಕಿದ್ದೇ ತಡ, ಬೆಚ್ಚಗಿನ, ತುಸು ಹುಳಿಯಾದ, ಮೂಗಿನ ತುದಿಯನ್ನು ಚುರುಗುಟ್ಟಿಸುವ ಆ ಹಳೆಯ ವಾಸನೆ ಎದ್ದು ಬಂತು. ನನ್ನ ಗಂಡ ಕೆಳಗಿನಿಂದಲೇ “ಏನೇ ಅದು ನಾತ?” ಎಂದು ಕೂಗಿದರು. ನನಗೆ ಅದು ನಾತ ಅನ್ನಿಸಲಿಲ್ಲ. ನಮ್ಮೂರಿನ ಪಕ್ಕದ ಮನೆಯ ದೊಡ್ಡವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಗಣಿಯ ಮಂಕರಿ ಹೊತ್ತು ಎದುರಿಗೆ ಬಂದು ನಿಂತ ಹಾಗಾಯಿತು...

ಸಂಬಂಧದಲ್ಲಿ ಅವಳು ನಮಗೆ ಏನೂ ಆಗಬೇಕಿರಲಿಲ್ಲ. ಕೇರಿಯ ಮಕ್ಕಳೆಲ್ಲ ದೊಡ್ಡವ್ವ ಎನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಅವಳ ಹಾಗೆ ಅನುಮಾನ ಪಡುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಡೈರಿಯಲ್ಲಿ ಹಾಲು ಅಳೆಯುವವನ ಬೆರಳನ್ನೇ ನೋಡುತ್ತಾ ನಿಲ್ಲುವಳು. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಡದಿದ್ದರೆ ಜಗಳ, ಸರಿಯಾಗಿ ಕೊಟ್ಟರೆ ಇವತ್ತೇನು ಬಂತು ಇವನಿಗೆ ಎಂಬ ನೋಟ. ಹಬ್ಬದ ದಿನ ನಮ್ಮವ್ವ ಒಬ್ಬಟ್ಟು ಕಳಿಸಿದರೆ ಮೊದಲ ತುಂಡನ್ನು ನಾಯಿಗೆ ಹಾಕಿ, ನಾಯಿಯ ಮುಖ ನೋಡಿ ಆಮೇಲೆ ತಿನ್ನುತ್ತಾಳೆಂದು ಕೇರಿಯವರೆಲ್ಲ ಆಡಿಕೊಂಡು ನಗುತ್ತಿದ್ದರು. ಅದು ನಿಜವೋ ಕಟ್ಟುಕತೆಯೋ ನನಗೆ ಗೊತ್ತಿಲ್ಲ. ಅವಳು ಹಾಗಾದದ್ದಕ್ಕೆ ಕಾರಣವಂತೂ ಇತ್ತು. ಗಂಡ ಎಳೆ ವಯಸ್ಸಿನಲ್ಲೇ ತೀರಿಕೊಂಡ ಮೇಲೆ, ನೋಡಿಕೊಳ್ಳುತ್ತೇವೆ ಎಂದು ಮುಂದೆ ಬಂದ ಮೈದುನರು ಗದ್ದೆಯನ್ನೂ ಮನೆಯನ್ನೂ ತಮ್ಮ ಹೆಸರಿಗೆ ಮಾಡಿಕೊಂಡಿದ್ದರು. ಅವಳ ಪಾಲಿಗೆ ಉಳಿದದ್ದು ಇರಲು ಒಂದು ಮೂಲೆ, ಒಂದು ಹಸು, ಊರಮುಂದಿನ ಒಂದು ತಿಪ್ಪೆ.

ತಿಪ್ಪೆ ಎಂದರೆ ಈಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮೂರು ಬಸರಾಳಿನ ಕಡೆಯಿಂದ ಬರುವ ಬಸ್ಸು ಪೇಟೆ ಸೇರುವ ಮೊದಲು ನಿಲ್ಲುವ ಊರು. ಆ ರಸ್ತೆಯ ಪಕ್ಕದಲ್ಲಿ ಸಾಲಾಗಿ ತಿಪ್ಪೆಗಳಿದ್ದವು, ಮನೆಗೊಂದರಂತೆ. ಕೊಟ್ಟಿಗೆಯ ಸಗಣಿ, ಗಂಜಲದಲ್ಲಿ ನೆಂದ ಹುಲ್ಲು, ಒಲೆಯ ಬೂದಿ ಎಲ್ಲ ಅಲ್ಲಿಗೇ. ಯಾರ ಜಾಗಕ್ಕೂ ಕಾಗದವಿರಲಿಲ್ಲ. ತಾತನ ಕಾಲದಿಂದ ಯಾರ ತಿಪ್ಪೆ ಎಲ್ಲಿದೆಯೋ ಆ ಜಾಗ ಅವರದು, ಅಷ್ಟೇ. ಹಾಡಹಗಲೇ ಬದು ಒತ್ತುವ ಜನ ಕೂಡ ಇನ್ನೊಬ್ಬರ ತಿಪ್ಪೆಗೆ ಕೈ ಹಾಕುತ್ತಿರಲಿಲ್ಲ. ಜಗಳ ಬಂದರೆ ಊರಿನ ಹಿರಿಯರು ಕೇಳುತ್ತಿದ್ದದ್ದು ಒಂದೇ ಮಾತು, ಇಲ್ಲಿ ಯಾರ ಮನೆ ಸಗಣಿ ಬೀಳುತ್ತಿತ್ತು ಎಂದು. ದೀಪಾವಳಿಯ ದಿನ ಸಗಣಿಯ ಉಂಡೆಗೆ ಹುಚ್ಚೆಳ್ಳಿನ ಹೂ ಸಿಕ್ಕಿಸಿ ತಿಪ್ಪೆಯ ನೆತ್ತಿಯ ಮೇಲಿಟ್ಟು ಪೂಜೆ ಮಾಡುತ್ತಿದ್ದೆವು. ನಮ್ಮ ತಿಪ್ಪೆಯ ಪಕ್ಕದ್ದೇ ದೊಡ್ಡವ್ವನದು. ಬೇಸಿಗೆಯಲ್ಲಿ ಕಬ್ಬಿನ ಗದ್ದೆಯವರು ಗಾಡಿ ತಂದು ಅವಳ ಗೊಬ್ಬರ ಕೊಳ್ಳುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು. ಮಳವಳ್ಳಿ ಕಡೆಗೆ ಕೊಟ್ಟಿದ್ದರು, ಬಾಳಲಿಲ್ಲ, ವಾಪಸು ಬಂದಳು. ಬೆಳಿಗ್ಗೆ ಕತ್ತಲೆ ಇರುವಾಗಲೇ ಎದ್ದು ಮದ್ದೂರಿನ ಕಡೆಯ ಗಾರ್ಮೆಂಟ್ಸಿನ ಬಸ್ಸು ಹತ್ತುವಳು. ತಾನು ಕಣ್ಣು ಮುಚ್ಚಿದ ದಿನವೇ ಮೈದುನರು ಮಗಳ ಗಂಟುಮೂಟೆಯನ್ನು ಬೀದಿಗೆ ಎಸೆಯುತ್ತಾರೆ ಎಂಬುದು ದೊಡ್ಡವ್ವನ ಹೆದರಿಕೆ. ಅದೊಂದರಲ್ಲಿ ಊರಿಗೆ ಊರೇ ಅವಳ ಮಾತನ್ನು ಒಪ್ಪುತ್ತಿತ್ತು. ತಿಪ್ಪೆಯ ಜಾಗದಲ್ಲಿ ಮಗಳಿಗೆ ಎರಡು ಕೋಣೆಯ ಮನೆಯಾಗಬೇಕು, ಬೇರೆ ಯಾವ ಆಸೆಯೂ ಅವಳಿಗಿರಲಿಲ್ಲ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ವರ್ಷ ಊರು ಪಟ್ಟಣಕ್ಕೆ ಸೇರುತ್ತದೆಂಬ ಸುದ್ದಿ ಬಂತು. ಪಂಚಾಯ್ತಿ ಕಟ್ಟಡದ ಗೋಡೆಗೆ ಒಂದು ನಕ್ಷೆ ಅಂಟಿಸಿದರು. ಊರ ಸುತ್ತ ಹಸಿರು ಇರಬೇಕಾದ ಕಡೆ ಹಳದಿ ಬಳಿದಿತ್ತು. ಹಳದಿ ಎಂದರೆ ಮನೆ ಕಟ್ಟುವ ಜಾಗವಂತೆ. ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದ ಬಯಲೆಲ್ಲ ಹಳದಿ. ದೊಡ್ಡವ್ವ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು.

“ನನ್ ತಿಪ್ಪೆ ಎಲ್ಲೈತೆ ತೋರ್ಸಮ್ಮಿ.”

ನಾನು ರಸ್ತೆಯ ಗೆರೆ ಹಿಡಿದು ಬೆರಳಾಡಿಸಿ, ಇಲ್ಲೆಲ್ಲೋ ಬರಬಹುದು ಎಂದೆ.

“ಬರ್ಬೌದು ಅಂದ್ರೇನು? ಐತೋ ಇಲ್ವೋ? ಇಲ್ದಿದ್ರೆ ಯಾರು ಅಳ್ಸಿದ್ದು?”

ನಗು ಬಂತು, ತಡೆದುಕೊಂಡೆ. ನಕ್ಷೆಯಲ್ಲಿ ಯಾರ ತಿಪ್ಪೆಯೂ ಇರಲಿಲ್ಲ.

ಅಲ್ಲಿಂದಾಚೆಗೆ ಊರಿನ ಗಾಳಿಯೇ ಬದಲಾಯಿತು. ಕಾರು ನಿಂತರೆ ಯಾರು ಬಂದರು, ಯಾರ ಮನೆಗೆ ಹೋದರು ಎಂದು ಹತ್ತು ಬಾಗಿಲುಗಳಲ್ಲಿ ತಲೆಗಳು. ಅಣ್ಣ ಟೇಪು ಹಿಡಿದರೆ ತಮ್ಮ ಹಿಂದೆ ಬಂದು ನಿಲ್ಲುವನು. ಗದ್ದೆ ಮಾರುವುದಿಲ್ಲ ಎಂದು ಅರಳಿಕಟ್ಟೆಯಲ್ಲಿ ಆಣೆ ಇಟ್ಟವರೇ ಮೊದಲು ಮಾರಿದರು. ಬಯಲು ಬಡಾವಣೆಯಾಯಿತು, ಸಿಮೆಂಟಿನ ಕಮಾನು ಎದ್ದಿತು. ಅದುವರೆಗೆ ಊರಿನ ಹೊರಗಿದ್ದ ತಿಪ್ಪೆಸಾಲು ಈಗ ಬಡಾವಣೆಗೆ ಹೋಗುವ ದೊಡ್ಡ ರಸ್ತೆಯ ಅಂಚಿಗೆ ಬಂದು, ಚಿನ್ನದ ಬೆಲೆಯ ಜಾಗವಾಗಿ ಕೂತಿತು.

ತಿಪ್ಪೆಗಳು ಒಂದೊಂದಾಗಿ ಮಾಯವಾದವು. ಒಬ್ಬ ಗೊಬ್ಬರ ಎತ್ತಿಸಿ ಸೈಜುಗಲ್ಲು ಕಟ್ಟಿಸಿದ, ಅವನನ್ನು ನೋಡಿ ಇನ್ನೊಬ್ಬ ಶೀಟಿನ ಕೊಟ್ಟಿಗೆ ಹಾಕಿದ, ಮತ್ತೊಬ್ಬ ಬೀಡಾ ಅಂಗಡಿ ತಂದಿಟ್ಟ. ನಮ್ಮಪ್ಪನೂ ನಾಲ್ಕು ಕಂಬ ನೆಟ್ಟು ಶೆಡ್ಡು ಮಾಡಿದ. ದೊಡ್ಡವ್ವ ಮಾತ್ರ ಒಂದು ಮಂಕರಿ ಗೊಬ್ಬರವನ್ನೂ ಅಲುಗಿಸಲಿಲ್ಲ. ಅಪ್ಪ ಒಂದು ದಿನ ಅವಳನ್ನು ನಿಲ್ಲಿಸಿ ಹೇಳಿದ್ದು ನನಗೆ ನೆನಪಿದೆ.

“ಅತ್ಗೆ, ತಿಪ್ಪೆ ತೆಗ್ಸಿ ನಾಕು ಶೀಟು ಹಾಕ್ಸು. ಬೇಕಾದ್ರೆ ನಾನೇ ಆಳು ಕಳಿಸ್ತೀನಿ.”

“ತಿಪ್ಪೆ ತೆಗುದ್ರೆ ಅದು ನಂದು ಅನ್ನಕ್ಕೆ ಇನ್ನೇನ್ಲಾ ಐತೆ? ಖಾಲಿ ಮಾಡ್ಸಿ ನಿನ್ ಶೆಡ್ಡು ಈಕಡೀಕೆ ಜರುಗ್ಸಕ್ಕಾ?”

ಅಪ್ಪ ತಲೆ ಚಚ್ಚಿಕೊಂಡು ಬಂದ. ಮನೆಯಲ್ಲಿ ನಾವೆಲ್ಲ ನಕ್ಕೆವು. ಆದರೆ ಅವಳ ಲೆಕ್ಕ ಪೂರ್ತಿ ಹುಚ್ಚಲ್ಲ. ಅವಳಿಗೆ ಗೊತ್ತಿದ್ದ ನ್ಯಾಯದಲ್ಲಿ ತಿಪ್ಪೆಯೇ ಸಾಕ್ಷಿ, ಸಾಕ್ಷಿಯನ್ನು ಯಾರಾದರೂ ಗಾಡಿಗೆ ತುಂಬಿ ಕಳಿಸುತ್ತಾರೆಯೇ? ಗೊಬ್ಬರ ಮಾರುವುದನ್ನು ನಿಲ್ಲಿಸಿದಳು. ಒಂದು ಹಸುವಿನ ಸಗಣಿ ಸಾಲದೆಂದು ದಾರಿಯಲ್ಲಿ ಬಿದ್ದದ್ದನ್ನೂ ಆಯ್ದು ತಂದು ಹಾಕಿದಳು. ತಿಪ್ಪೆ ಆಳೆತ್ತರ ಆಯಿತು. ಮಧ್ಯಾಹ್ನ ಅದರ ಪಕ್ಕ ಗೋಣಿ ಹಾಸಿಕೊಂಡು ಕೂತು ಹೋಗುವವರು ಬರುವವರನ್ನು ಗುರಾಯಿಸುತ್ತಿದ್ದಳು.

ಊರು ಪಟ್ಟಣಕ್ಕೆ ಸೇರಿಯೇ ಬಿಟ್ಟಿತು. ಪಂಚಾಯ್ತಿಯ ಬೋರ್ಡು ಹೋಗಿ ವಾರ್ಡಿನ ಬೋರ್ಡು ಬಂತು. ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಆಟೋ ಬರತೊಡಗಿತು. ಆ ಆಟೋ ಒಂದು ದಿನ ತನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ದೊಡ್ಡವ್ವನ ತಿಪ್ಪೆಯ ಮೇಲೆ ಸುರಿದು ಹೋಯಿತು. ಗುಡ್ಡೆ ಕಂಡು ಡ್ರೈವರು ತಾನೇ ಸುರಿದನೋ, ಇಲ್ಲಿ ಸುರಿ ಎಂದು ಯಾರಾದರೂ ತೋರಿಸಿದರೋ... ತೋರಿಸಿದರು ಎಂಬುದೇ ಇವತ್ತಿಗೂ ನನ್ನ ಅನುಮಾನ.

ದೊಡ್ಡವ್ವ ಕೂಗಾಡುತ್ತಾಳೆಂದು ನಾವು ಕಾದೆವು. ಅವಳು ಕೂಗಾಡಲಿಲ್ಲ. “ಆಕ್ಲಿ ಬುಡು. ಸರ್ಕಾರದ್ ಗಾಡಿನೇ ಬಂದು ನನ್ ತಿಪ್ಪೆಗೆ ಆಕ್ತಾ ಐತೆ. ಇದು ತಿಪ್ಪೆ ಅಂತ ಅವ್ರೂ ಒಪ್ಕಂಡಂಗಾಯ್ತಲ್ಲ” ಎಂದು ನಮ್ಮವ್ವನ ಕಿವಿಯಲ್ಲಿ ಹೇಳಿ, ತುಟಿಯ ಅಂಚಿನಲ್ಲಿ ನಕ್ಕಳು. ಜೀವಮಾನದಲ್ಲಿ ಅವಳು ಅನುಮಾನ ಪಡದೆ ಬಿಟ್ಟದ್ದು ಇದೊಂದನ್ನೇ ಇರಬೇಕು. ಅದೇ ಅವಳಿಗೆ ಮುಳುವಾಯಿತು.

ಆಮೇಲೆ ತಡೆಯುವವರೇ ಇಲ್ಲವಾದರು. ಕೋಳಿ ಅಂಗಡಿಯ ಪುಕ್ಕ, ಬಡಾವಣೆಯವರು ಸ್ಕೂಟರಿನಿಂದ ಇಳಿಯದೆ ಎಸೆಯುವ ಪ್ಲಾಸ್ಟಿಕ್ ಚೀಲ, ಮಕ್ಕಳ ಡೈಪರು, ಒಡೆದ ಗಾಜು. ದೊಡ್ಡವ್ವ ಕೋಲಿನಿಂದ ಪ್ಲಾಸ್ಟಿಕ್ಕನ್ನು ಆಯ್ದು ಆಯ್ದು ಒಂದು ಪಕ್ಕಕ್ಕೆ ಎಳೆಯುತ್ತಿದ್ದಳು. ಹಸುವಿನ ಸಗಣಿ ಕೆಳಗೆಲ್ಲೋ ಹೂತುಹೋಯಿತು. ಆ ವರ್ಷದ ದೀಪಾವಳಿಯಲ್ಲಿ ಅವಳು ಹೂ ಸಿಕ್ಕಿಸಿದ ಉಂಡೆ ಹಿಡಿದು, ಎಲ್ಲಿಡುವುದೆಂದು ತಿಳಿಯದೆ ಸುತ್ತು ಬರುತ್ತಿದ್ದಳು. ಬಡಾವಣೆಯವರು ವಾಸನೆ ತಡೆಯಲಾಗದೆ ದೂರು ಕೊಟ್ಟರು. ಒಬ್ಬ ಆಫೀಸರು ಬಂದು, ಈ ಗಲೀಜಿಗೆ ಯಾರು ಯಜಮಾನರೋ ಅವರ ಮೇಲೆ ಕೇಸು ಹಾಕುತ್ತೇನೆ, ಪೊಲೀಸರನ್ನು ಕರೆಸುತ್ತೇನೆ ಎಂದು ರಸ್ತೆಯಲ್ಲಿ ನಿಂತು ಗದರಿ ಹೋದ.

ಕೆಲವೇ ದಿನಗಳಲ್ಲಿ, ಒಂದು ಸೋಮವಾರ ಮಗಳು ಗಾರ್ಮೆಂಟ್ಸಿಗೆ ಹೋಗಿದ್ದಾಗ, ಟೇಪು ಹಿಡಿದುಕೊಂಡು ಇನ್ನೊಂದು ತಂಡ ಬಂತು. ಅವರು ದೂರಿಗೆ ಬಂದವರಲ್ಲ. ರಸ್ತೆ ಬದಿಯ ಯಾವ ಜಾಗ ಯಾರ ಅನುಭವದಲ್ಲಿದೆಯೋ ಅದನ್ನು ಅವರ ಹೆಸರಿಗೇ ಬರೆದುಕೊಳ್ಳಲು ಬಂದ ಅಳತೆಯವರು. ಸಾಲಿನವರೆಲ್ಲ ಬಿಳಿ ಪಂಚೆ ಉಟ್ಟು ತಮ್ಮ ತಮ್ಮ ಶೆಡ್ಡಿನ ಮುಂದೆ ನಿಂತಿದ್ದರು. ನಮ್ಮ ಶೆಡ್ಡನ್ನು ಅಪ್ಪನ ಹೆಸರಿಗೆ ಬರೆದುಕೊಂಡರು, ಟೇಪು ದೊಡ್ಡವ್ವನ ಗುಡ್ಡೆಯ ಬುಡದವರೆಗೂ ಬಂತು. ಮುಂದೆ ಹೋದ ಹುಡುಗ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಕೇಳಿದ.

“ಇದು ಯಾರ್ದು?”

ದೊಡ್ಡವ್ವ ಕೋಲು ಹಿಡಿದು ಅಲ್ಲೇ ನಿಂತಿದ್ದಳು. ಹುಡುಗನ ಬೂಟು ನೋಡಿದಳು, ಟೇಪು ನೋಡಿದಳು, ಹಿಂದಿದ್ದ ಜೀಪು ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು.

“ನಂಗೇನ್ ಗೊತ್ತು ಸ್ವಾಮಿ. ಯಾರ್‍ಯಾರೋ ಆಕ್ತಾರೆ.”

ಅಪ್ಪ ಶೆಡ್ಡಿನ ಹತ್ತಿರದಿಂದಲೇ “ಸಾ, ಅದು ಅವ್ರುದೇ” ಎಂದ. ದೊಡ್ಡವ್ವ ಗರಕ್ಕನೆ ತಿರುಗಿದಳು.

“ಯಾಕ್ಲಾ? ನನ್ನ ಜೈಲಿಗೆ ಆಕ್ಸಿ ನೋಡ್ಬೇಕಾ? ನಂದಲ್ಲ ಸ್ವಾಮಿ, ಈವಯ್ಯನ್ ಮಾತು ಕೇಳ್ಬ್ಯಾಡಿ!”

ಹುಡುಗ ಬರೆದುಕೊಂಡ. ನಾನು ಓಡಿ ಹೋಗಿ, ದೊಡ್ಡವ್ವ, ಇವರು ಕೇಸಿನವರಲ್ಲ, ಜಾಗ ಬರೆದುಕೊಳ್ಳುವವರು ಎಂದು ಹೇಳುವಷ್ಟರಲ್ಲಿ ಅವರು ಮುಂದಿನ ಶೆಡ್ಡಿಗೆ ಹೋಗಿದ್ದರು. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಕೋಲು ಬಿಸಾಕಿ ಅವರ ಹಿಂದೆ ಓಡಿದಳು. ನಂದೇ ಸ್ವಾಮಿ, ನಮ್ಮತ್ತೆ ಕಾಲದಿಂದ್ಲೂ ನಂದೇ ಎಂದು ಜೀಪಿನ ಬಾಗಿಲು ಹಿಡಿದುಕೊಂಡಳು. ಈಗ ತಾನೆ ನಂದಲ್ಲ ಅಂದ್ರಲ್ಲಜ್ಜಿ, ಎಲ್ಲರೂ ಕೇಳಿಸಿಕೊಂಡಿದ್ದಾರೆ ಎಂದು ಹುಡುಗ ನಕ್ಕ. ಸಾಲಿನವರು ಯಾರೂ ಬಾಯಿ ಬಿಡಲಿಲ್ಲ. ಕಾಗದವಿಲ್ಲದ ತಮ್ಮ ಜಾಗದ ಬಗ್ಗೆಯೂ ಎರಡನೇ ಸಲ ಕೇಳಿಯಾರೆಂಬ ಭಯ ಎಲ್ಲರಿಗೂ ಇತ್ತು. ಆಮೇಲೆ ಅವಳನ್ನು ಕರೆದುಕೊಂಡು ಎರಡು ಸಲ ಆಫೀಸಿಗೆ ಹೋಗಿ ಬಂದೆ, ಅಲ್ಲೂ ಅದೇ ಉತ್ತರ.

ಅಳತೆಯವರು ಬಂದುಹೋದ ರಾತ್ರಿ ಊಟದ ಹೊತ್ತಿಗೆ ನಮ್ಮವ್ವ ಅಪ್ಪನಿಗೆ ಮುದ್ದೆ ಬಡಿಸುತ್ತಾ ಕೇಳಿದಳು. “ಅಳತೆಯೋರು ಬತ್ತಾರೆ ಅಂತ ನೆನ್ನೇನೇ ವಾರ್ಡಿನ ಮೆಂಬರು ಬಂದು ಯೋಳಿದ್ನಲ್ಲ. ಅವ್ಳಿಗೊಂದು ಮಾತು ಯೋಳ್ಬೌದಿತ್ತಲ್ವಾ?”

ಅಪ್ಪ ತಲೆ ಎತ್ತಲಿಲ್ಲ. “ಯೋಳಿದ್ರೆ ನಂಬ್ತಿದ್ಲಾ ಅವ್ಳು?”

ನಂಬುತ್ತಿರಲಿಲ್ಲವೇನೋ. ಆದರೆ ಅಪ್ಪ ಹೇಳಲೂ ಇಲ್ಲ. ಸಾಲಿನಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದಕ್ಕೇ ಆ ಬಿಳಿ ಪಂಚೆಗಳು. ನನ್ನಪ್ಪ ಕೆಟ್ಟವನಲ್ಲ. ಆ ರಾತ್ರಿಯಿಂದ ಮಾತ್ರ ಅವನು ಯಾರಿಗಾದರೂ ಉಪಕಾರ ಮಾಡಿದರೆ ನಾನು ಒಂದು ಕ್ಷಣ ಅವನ ಮುಖ ನೋಡುವಂತಾಯಿತು.

ಆ ಜಾಗಕ್ಕೆ ತಂತಿಬೇಲಿ ಹಾಕಿ ಕಸ ಸಂಗ್ರಹಿಸುವ ಜಾಗವೆಂದು ಬೋರ್ಡು ನೆಟ್ಟರು. ದೊಡ್ಡವ್ವ ಬೇಲಿಯ ಹೊರಗೆ ಅದೇ ಗೋಣಿ ಹಾಸಿಕೊಂಡು ಕೂರುತ್ತಿದ್ದಳು. ಅವರಿಗೆಲ್ಲ ಗೊತ್ತಿತ್ತು, ಬೇಕೂಂತಲೇ ನನಗೆ ಹೇಳಲಿಲ್ಲ ಎಂದು ಹೋಗಿಬರುವವರಿಗೆಲ್ಲ ಹೇಳುವಳು. ಮುದುಕಿಗೆ ಅನುಮಾನದ ಹುಚ್ಚು ನೆತ್ತಿಗೇರಿದೆ ಎಂದು ಜನ ನಕ್ಕರು. ಎರಡು ಮಳೆಗಾಲ ಕಳೆಯುವುದರೊಳಗೆ ಹೋದಳು. ಅವಳು ಹೆದರಿದ್ದಂತೆಯೇ, ತಿಥಿ ಮುಗಿದ ವಾರದಲ್ಲೇ ಮೈದುನರು ಮಗಳನ್ನು ಬಾಡಿಗೆ ಮನೆ ನೋಡಿಕೋ ಎಂದರು...

ಈಗ ಅಪ್ಪನೂ ಇಲ್ಲ. ಶೆಡ್ಡಿದ್ದ ಕಡೆ ಮೂರು ಅಂಗಡಿಗಳಿವೆ, ನನ್ನ ಪಾಲಿಗೆ ಬಂದಿವೆ. ದೊಡ್ಡವ್ವನ ತಿಪ್ಪೆಯ ಬೇಲಿಗೆ ಅಂಟಿಕೊಂಡಿರುವ ಅಂಗಡಿ ಹೋದ ತಿಂಗಳು ಖಾಲಿಯಾಯಿತು. ಮೊನ್ನೆ ಅದನ್ನು ಕೇಳಿಕೊಂಡು ಬಂದವಳು ದೊಡ್ಡವ್ವನ ಮಗಳು. ಗಾರ್ಮೆಂಟ್ಸು ಬಿಟ್ಟು ಟೈಲರಿಂಗ್ ಅಂಗಡಿ ಇಡಬೇಕಂತೆ, ಹಿಂದಿನ ಕೋಣೆಯಲ್ಲೇ ಇರುತ್ತಾಳಂತೆ. ಕೂದಲು ನೆರೆತಿತ್ತು. ನನಗೆ ಸಂತೋಷವಾಯಿತು, ಬಾಡಿಗೆಯ ಮಾತು ಆಮೇಲೆ ಆಡೋಣ ಎಂದು ಬೀಗದ ಕೈಯನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು.

“ಅಕ್ಕ, ಒಂದ್ ಮಾತು ಕೇಳ್ತೀನಿ, ನಿಜ ಯೋಳಿ. ಅವತ್ತು ಅಳತೆಯೋರು ಬತ್ತಾರೆ ಅಂತ ನಿಮ್ಮಪ್ಪಂಗೆ ಮೊದ್ಲೇ ಗೊತ್ತಿತ್ತಾ?”

ಸತ್ತವನನ್ನು ಕಾಪಾಡಲು ಒಂದು ಸುಳ್ಳು ಸಾಕಿತ್ತು. ಬಾಯಿಗೆ ಬರಲಿಲ್ಲ.

“ಗೊತ್ತಿತ್ತು” ಎಂದೆ.

ಅವಳು ಸಿಟ್ಟಾಗಲಿಲ್ಲ. “ಅವ್ವ ಸಾಯೋಗಂಟ ಅದ್ನೇ ಅಂತಿದ್ಲು. ಬಾಯ್ ಮುಚ್ಚವ್ವ, ಎಲ್ರು ಮ್ಯಾಲೂ ಅನುಮಾನ ಪಡ್ತೀಯ, ಅದ್ಕೇ ನಮ್ಗಿಂಗಾಯ್ತು ಅಂತ ನಾನೇ ಬಯ್ತಿದ್ದೆ. ಕೊನೇ ದಿನವೂ ಬೈದೆ ಕಣಕ್ಕ” ಎಂದಳು.

ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ದೊಡ್ಡವ್ವನ ಮಾತು ನಿಜವೆಂದು ನಾವಿಬ್ಬರೂ ಒಪ್ಪಿಕೊಂಡೆವು, ಕೇಳಿಸಿಕೊಳ್ಳಲು ಅವಳಿಲ್ಲ.